ಅಜ್ಜಿ ಓದಿದ ಕಾಮಿಕ್ಸ್

ಬುಗುರಿ ಮಂಚದಿಂದ ಇಳಿದಳು, ಹತ್ತಿದಳು, ಮತ್ತೆ ಇಳಿದು ಬಾಗಿಲಿನಾಚೆ ಇಣುಕಿದಳು. ಟ್ರಾಲಿ ಇನ್ನೂ ಬಂದಿರಲಿಲ್ಲ.

ಕೂತಲ್ಲಿ ಕೂರದ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು. ಇವತ್ತಂತೂ ಹೆಸರಿಗೆ ತಕ್ಕ ಹಾಗೆ ತಿರುಗುತ್ತಿದ್ದಳು. ಪದೇ ಪದೇ ಊದಿಕೊಂಡು ಜ್ವರ ತರಿಸುತ್ತಿದ್ದ ಟಾನ್ಸಿಲ್ಸನ್ನು ಇವತ್ತು ಆಪರೇಷನ್ ಮಾಡಿ ತೆಗೆಯುವವರಿದ್ದರು.

"ಹೀಗೆ ಸುತ್ತುತ್ತಾ ಇದ್ರೆ ಡಾಕ್ಟ್ರು ನಿನ್ನ ಗಂಟಲನ್ನ ಎಲ್ಲಿ ಅಂತ ಹುಡುಕ್ತಾರೆ?" ಎಂದಳು ಅಜ್ಜಿ.

ಅಜ್ಜಿಯದು ಇಸ್ತ್ರಿ ಅಂಗಡಿ. ಅದಕ್ಕೆ ಬೀಗ ಹಾಕಿ ಬೆಳಿಗ್ಗೆಯೇ ಆಸ್ಪತ್ರೆಗೆ ಬಂದು, ರಾತ್ರಿಯೆಲ್ಲ ಕಾದಿದ್ದ ಅಪ್ಪನನ್ನು ಕೆಲಸಕ್ಕೆ ಕಳಿಸಿದ್ದಳು. ಹೊರಡುವ ಅವಸರದಲ್ಲಿ ಅಪ್ಪ ಆಸ್ಪತ್ರೆಯವರು ಕೊಟ್ಟ ಕಾಮಿಕ್ಸನ್ನು ಅವಳ ಕೈಗಿಟ್ಟು, ಏನೇನು ಮಾಡಬೇಕೋ ಎಲ್ಲ ಇದರಲ್ಲಿದೆ ಎಂದಿದ್ದರು. ಅಜ್ಜಿಗೆ ಅಕ್ಷರ ಬಾರದು. ಚಿತ್ರ ನೋಡಲು ಅಕ್ಷರ ಯಾಕೆ? ಕನ್ನಡಕ ಏರಿಸಿ ಒಂದೊಂದು ಚಿತ್ರವನ್ನೂ ಬಿಡದೆ ನೋಡಿದ್ದಳು. ಆಮೇಲೆ ಫ್ಲಾಸ್ಕಿನಿಂದ ಹಾಲು ಬಗ್ಗಿಸಿ ಕೊಟ್ಟಿದ್ದಳು. ಬುಗುರಿ ಗಟಗಟ ಕುಡಿದಿದ್ದಳು.

ಆ ಕಾಮಿಕ್ಸ್ ನಿನ್ನೆಯೇ ಬುಗುರಿಯ ಕೈಗೆ ಬಂದಿತ್ತು. ಚಿಕ್ಕ ಮಕ್ಕಳ ಪುಸ್ತಕ ಎಂದು ಮೂಗು ಮುರಿದು, ಹಾಳೆಗಳನ್ನು ಫರಫರ ತಿರುಗಿಸಿ ಎಸೆದಿದ್ದಳು. ಈಗ ಹೊತ್ತು ಹೋಗದೆ ಎತ್ತಿಕೊಂಡಳು.

ಒಂದು ಪುಟದಲ್ಲಿ ನಾಲ್ಕು ಚಿತ್ರ. ಮೇಲೆ ಎರಡು, ಕೆಳಗೆ ಎರಡು. ಮೊದಲನೆಯದರಲ್ಲಿ ಒಬ್ಬ ಹುಡುಗ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಅವನ ಮಾತಿನ ಗುಳ್ಳೆಯಲ್ಲಿ ಹೀಗಿತ್ತು: "ಹಸಿವೋ ಹಸಿವು. ಆದ್ರೆ ಆಪರೇಷನ್ ಮುಗಿಯೋವರೆಗೂ ಹಾಲು ಸಹ ಕುಡಿಯೋ ಹಾಗಿಲ್ಲ. ನಿದ್ದೆ ಬರಿಸಿದಾಗ ವಾಂತಿಯಾದ್ರೆ ಉಸಿರಾಟಕ್ಕೇ ಅಪಾಯ."

ಬುಗುರಿ ತಿರುಗಿ ಅಜ್ಜಿಯ ಫ್ಲಾಸ್ಕಿನ ಕಡೆ ನೋಡಿದಳು.

ಪುಸ್ತಕ ಮುಚ್ಚಿದಳು. ಮತ್ತೆ ತೆರೆದು ನೋಡಿದಳು. ಅಕ್ಷರಗಳು ಹಾಗೆಯೇ ಇದ್ದವು. ಹೇಳಿದರೆ ಎಲ್ಲರೂ ಅಜ್ಜಿಯನ್ನು ಬೈಯುತ್ತಾರೆ. ಹೇಳದಿದ್ದರೆ? ಅಷ್ಟರಲ್ಲಿ ಟ್ರಾಲಿಯ ಗಾಲಿಗಳು ಗಡಗಡ ಎಂದವು.

ಸಿಸ್ಟರ್ ಒಳಗೆ ಬಂದರು. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ? ಕುಡಿದ್ಯಾ?"

ಅಜ್ಜಿ ಮೊಮ್ಮಗಳ ಜಡೆ ಸರಿಮಾಡುತ್ತಾ ನಿಶ್ಚಿಂತೆಯಾಗಿ ನಗುತ್ತಿದ್ದಳು. ಇಲ್ಲ ಎನ್ನುವ ಮಾತು ಬುಗುರಿಯ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಹಾಲು ಕುಡಿದೆ," ಎಂದಳು. "ನಾನೇ ಕೇಳಿದ್ದು."

"ಸುಳ್ಳು ಯಾಕೆ ಹೇಳ್ತೀಯೇ? ಕೊಟ್ಟಿದ್ದು ನಾನು," ಎಂದಳು ಅಜ್ಜಿ. "ನಿಮ್ಮ ಪುಸ್ತಕದಲ್ಲೇ ಇದೆಯಲ್ಲ ಸಿಸ್ಟರಮ್ಮ."

ಸಿಸ್ಟರ್ ಟ್ರಾಲಿಯನ್ನು ವಾಪಸ್ ಕಳಿಸಿದರು. ಡಾಕ್ಟರಿಗೂ ಅಪ್ಪನಿಗೂ ಫೋನ್ ಮಾಡಿದರು. ಆಪರೇಷನ್ ನಾಳೆಗೆ ಹೋಯಿತು. ಬುಗುರಿ ಬೈಗುಳಕ್ಕೆ ಕಾಯುತ್ತಾ ಉಗುರು ಕಚ್ಚಿದಳು. ಆದರೆ ಸಿಸ್ಟರ್ ಮಂಚದ ಮೇಲೆ ಕೂತು, ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಎಂದು ಅಜ್ಜಿಯನ್ನು ಕೇಳಿದರು.

ಅಜ್ಜಿ ಮೊದಲ ಚಿತ್ರದ ಮೇಲೆ ಬೆರಳಿಟ್ಟಳು. ಬೆರಳು ಪಕ್ಕಕ್ಕೆ ಹೋಗಲಿಲ್ಲ, ಕೆಳಗಿಳಿಯಿತು. ಆಮೇಲೆ ಪಕ್ಕದ ಮೇಲಿನ ಚಿತ್ರಕ್ಕೆ ಹೋಗಿ ಮತ್ತೆ ಇಳಿಯಿತು.

"ಇಲ್ಲಿ ಮಗೂಗೆ ಹಸಿವು. ಇಲ್ಲಿ ಹಾಲು ಕುಡೀತು. ಇಲ್ಲಿ ಗಾಡಿ ಮೇಲೆ ಮಲಗ್ತು. ಇಲ್ಲಿ ನಗ್ತಾ ಮನೆಗೆ ಹೊರಟಿದೆ. ಒಂದು ಅಟ್ಟಿ ಬಟ್ಟೆ ಮೇಲಿಂದ ಕೆಳಗಿನವರೆಗೂ ಮುಗಿಸಿ ತಾನೇ ಇನ್ನೊಂದು ಅಟ್ಟಿಗೆ ಕೈ ಹಾಕೋದು?"

ಸಿಸ್ಟರ್ ತಾವೂ ಬೆರಳಿಟ್ಟು ಮೇಲಿಂದ ಕೆಳಕ್ಕೆ ನೋಡಿದರು. ಚಿತ್ರ ಬರೆದವರಿಗೆ ಇದು ಹೊಳೆದೇ ಇಲ್ಲ, ಮುಂದಿನ ಸಲ ಬಾಣದ ಗುರುತು ಹಾಕಿಸಬೇಕು ಎಂದರು. ಹಾಲು ಕುಡಿಯುವ ಚಿತ್ರ ಆಪರೇಷನ್ ಆದಮೇಲಿನದು ಎಂದು ಮೆಲ್ಲಗೆ ಬಿಡಿಸಿ ಹೇಳಿದರು. ಅಜ್ಜಿ ಕನ್ನಡಕ ತೆಗೆದು ಒರೆಸಿದಳು. ಒರೆಸುತ್ತಲೇ ಇದ್ದಳು.

ಬುಗುರಿ ಅಡ್ಡಡ್ಡ ನೋಡಿದಳು. ಮೇಲಿಂದ ಕೆಳಕ್ಕೆ ನೋಡಿದಳು. ಎರಡೂ ಕಡೆಯಿಂದ ಕತೆ ಕೂಡುತ್ತಿತ್ತು. ಅಜ್ಜಿ ಒಂದು ಚಿತ್ರವನ್ನೂ ಬಿಟ್ಟಿರಲಿಲ್ಲ. ಓದಲು ಬರುವ ತಾನು ಒಂದನ್ನೂ ಸರಿಯಾಗಿ ನೋಡಿರಲಿಲ್ಲ.

ಸಂಜೆ ಪಕ್ಕದ ಮಂಚಕ್ಕೆ ಒಬ್ಬ ಪುಟ್ಟ ಹುಡುಗ ಬಂದ. ಅವನ ತಾತ ಅದೇ ಕಾಮಿಕ್ಸ್ ಬಿಡಿಸಿ ಕೂತರು. ಅವರ ಬೆರಳೂ ಮೊದಲ ಚಿತ್ರದಿಂದ ಸೀದಾ ಕೆಳಗಿಳಿಯಿತು.

ಬುಗುರಿ ಚಂಗನೆ ನೆಗೆದು ಅಲ್ಲಿಗೆ ಹೋದಳು. ಹಾಗಲ್ಲ ಎನ್ನಲು ಬಾಯಿ ತೆರೆದವಳು ಒಮ್ಮೆ ಅಜ್ಜಿಯ ಕಡೆ ನೋಡಿದಳು. ಆಮೇಲೆ ತಾತನ ಪಕ್ಕ ಕೂತಳು.

"ತಾತ, ನಿಮಗೆ ಇದರಲ್ಲಿ ಏನೇನು ಕಾಣಿಸ್ತು? ನಂಗೂ ಹೇಳಿ."

ತಾತ ನಿಧಾನವಾಗಿ ಹೇಳತೊಡಗಿದರು. ಬುಗುರಿಯ ಕಾಲುಗಳು ಮಂಚದ ಕೆಳಗೆ ತೂಗಾಡುತ್ತಲೇ ಇದ್ದವು. ಆದರೆ ಪುಟ ಮುಗಿಯುವವರೆಗೂ ಅವಳು ನಡುವೆ ಬಾಯಿ ಹಾಕಲಿಲ್ಲ.