ಬೆಟ್ಟದ ಮೇಲೊಂದು ಗೆರೆ

ಗೋವಿಂದಯ್ಯ ಮೇಷ್ಟ್ರು ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಶಿವಸ್ವಾಮಿ ಮಾತ್ರ ಚಿತ್ರ ಬರೆದವಳನ್ನು ನೋಡದಿರಲು ಕಷ್ಟಪಡುತ್ತಿದ್ದ.

ಚಾಮರಾಜನಗರದಲ್ಲಿ ನಡೆಯಲಿದ್ದ ಶಿಕ್ಷಕರ ಕ್ರೀಡಾಕೂಟಕ್ಕೆ ಲೋಗೋ ಆಗಬೇಕಿತ್ತು. ಬರೆಯುವ ಕೆಲಸ ಸಂತೆಮರಹಳ್ಳಿಯ ಡ್ರಾಯಿಂಗ್ ಟೀಚರ್ ಸುಧಾಮಣಿಯದು. ಗೋವಿಂದಯ್ಯ ಕ್ರೀಡಾಕೂಟ ಸಮಿತಿಯ ಅಧ್ಯಕ್ಷರು, ಗುಂಡ್ಲುಪೇಟೆಯ ಪಿ.ಟಿ. ಮೇಷ್ಟ್ರು ಶಿವಸ್ವಾಮಿ ಅದರ ಕಾರ್ಯದರ್ಶಿ. ಹಿಂದಿನ ಸಭೆ ಮುಗಿದ ಮೇಲೆ, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ, ನನ್ನನ್ನು ಮದುವೆಯಾಗುತ್ತೀರಾ ಎಂದು ಅವನು ಕೇಳಿಬಿಟ್ಟಿದ್ದ. ಅವಳು ಉತ್ತರ ಕೊಡದೆ ಬಸ್ ಹತ್ತಿದ್ದಳು.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಜೇಬಿನ ಮೊಬೈಲು ಸುಮ್ಮನಿದ್ದರೂ ತೆಗೆದು ನೋಡುವನು. ಡ್ರಿಲ್ ಮಾಡಿಸುವಾಗ ‘ವಿಶ್ರಾಮ್’ ಎನ್ನುವುದನ್ನೇ ಮರೆತು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿಬಿಡುವನು. ಇವತ್ತು ಲೋಗೋ ಒಪ್ಪಿಗೆಯಾದರೆ ಅವಳು ಮತ್ತೆ ಬರಲು ಕಾರಣವೇ ಇರುವುದಿಲ್ಲ.

“ಗೋಪಾಲಸ್ವಾಮಿ ಬೆಟ್ಟ ಸರಿ ಕಣಮ್ಮ,” ಎಂದರು ಗೋವಿಂದಯ್ಯ. “ಪಕ್ಕದಲ್ಲಿ ಈ ಮರಿಗುಡ್ಡ ಎಲ್ಲಿಂದ ಬಂತು? ರೋಡಿಂದ ಕಾಣಲ್ವಲ್ಲ. ಮೇಲೆ ಈ ಗೆರೆ ಬೇರೆ.”

“ಗೆರೆ ಓಟದ ಟ್ರ್ಯಾಕು ಸಾರ್.” ಹೇಳುತ್ತಲೇ ಅವಳ ಕಣ್ಣು ಶಿವಸ್ವಾಮಿಯ ಕಡೆ ಬಂದು, ಸಿಕ್ಕಿಬಿದ್ದಂತೆ ಕಿಟಕಿಗೆ ಓಡಿತು.

ಅವನು ಹಾಳೆ ತೆಗೆದುಕೊಂಡ. ದೊಡ್ಡ ಬೆಟ್ಟದ ಹೆಗಲ ಹಿಂದಿನಿಂದ ಇಣುಕುವ ಆ ಗುಡ್ಡವನ್ನು ಅವನು ದಿನಾ ಹಲ್ಲುಜ್ಜುತ್ತ ನೋಡುತ್ತಿದ್ದ. ಅದು ಹಾಗೆ ಕಾಣುವುದು ಅವನ ಮನೆಯ ಹಿತ್ತಲಿಂದ. ನಡುವೆ ಕೊಂಚ ಜೋತುಬಿದ್ದ ಆ ಗೆರೆ ಟ್ರ್ಯಾಕಲ್ಲ. ನುಗ್ಗೆಮರದಿಂದ ಬಚ್ಚಲುಮನೆಯ ಗೋಡೆಗೆ ಅವ್ವ ಕಟ್ಟಿದ್ದ, ಬಟ್ಟೆ ಒಣಹಾಕುವ ಹಗ್ಗ.

ಟೀ ಬಂದಾಗ ಇಬ್ಬರೂ ಹೇಗೋ ಜಗಲಿಗೆ ಬಂದಿದ್ದರು.

“ನಮ್ಮನೆಗೆ ಬಂದಿದ್ರಾ?”

“ಭಾನುವಾರ. ನೀವು ಮ್ಯಾಚಿಗೆ ಹೋಗಿದ್ರಂತೆ.”

ಬೆಟ್ಟ ಬರೆಯಲು ಬಂದೆ ಎಂದಳಂತೆ. ಅವನ ತಾಯಿ ಗುರುಮಲ್ಲಮ್ಮ ಯಾರು, ಏನು ಎಂದೂ ಕೇಳದೆ ಹಿತ್ತಲಿಗೆ ಕರೆದೊಯ್ದು, ಹಗ್ಗದ ಮೇಲಿದ್ದ ಹಸಿ ಬಟ್ಟೆಯನ್ನೆಲ್ಲ ತೆಗೆದು ಮಡಿಲಲ್ಲಿಟ್ಟುಕೊಂಡು, ಬರೆದು ಮುಗಿಯುವವರೆಗೂ ಕೂತಿದ್ದರಂತೆ. ಉಟ್ಟ ಸೀರೆ ಒದ್ದೆಯಾದರೂ ಏಳಲಿಲ್ಲವಂತೆ.

“‘ಬೆಟ್ಟ ಕಾಣ್ಲಿ ಬುಡು ಕಣಮ್ಮಿ, ಬಟ್ಟೆ ಆಮೇಲೆ ಒಣಗ್ತವೆ’ ಅಂದ್ರು.”

“ಅವ್ವ ನಂಗೆ ಹೇಳ್ಲೇ ಇಲ್ಲ.”

“ನಾನೇ ಬೇಡ ಅಂದಿದ್ದೆ.”

“ಬೆಟ್ಟ ರೋಡಿಂದಾನೂ ಕಾಣ್ತದೆ. ಅಲ್ಲಿಗಂಟ ಯಾಕೆ ಹೋದ್ರಿ?”

ಸುಧಾಮಣಿ ಟೀ ಲೋಟದೊಳಗೆ ನೋಡಿದಳು. “ಹೆಣ್ಣಿನ ಕಡೆಯೋರು ಮನೆ ನೋಡ್ಬೇಕು ತಾನೆ?”

ಅವನು ಗಕ್ಕನೆ ಅವಳತ್ತ ತಿರುಗಿದ ರಭಸಕ್ಕೆ ಲೋಟದ ಟೀ ತುಳುಕಿತು. “ನೋಡಾಯ್ತಲ್ಲ. ಒಪ್ಪಿಗೇನಾ?”

“ಮನೆ ಒಪ್ಪಿಗೆ.”

“ಮನೆ ಮಾತ್ರಾನಾ?”

ಅವಳು ಸೆರಗಿನ ತುದಿಯಿಂದ ಅವನ ಅಂಗಿಯ ತೋಳಿಗೆ ಚೆಲ್ಲಿದ ಟೀ ಒರೆಸಿದಳು. ಅಷ್ಟೇ. ಉತ್ತರ ಅದರಲ್ಲೇ ಇತ್ತು.

ಒಳಗಿನಿಂದ ಗೋವಿಂದಯ್ಯ ಕೇಳಿದರು, ಪ್ರೆಸ್ಸಿಗೆ ಕಳಿಸುವ ಹೊತ್ತಾಯಿತು, ಆ ಗೆರೆ ಅಳಿಸಿಬಿಡುವುದೇ ಎಂದು.

“ಗೆರೆ ಇರ್ಲಿ ಸಾರ್,” ಎಂದ ಶಿವಸ್ವಾಮಿ. “ಬೇಕಾದ್ರೆ ಬೆಟ್ಟ ತೆಗೀರಿ.”