ನಾಲ್ಕನೆಯ ವಿಷಯಕ್ಕೆ ಇಬ್ಬರೂ ಹೊರಗೆ

"ನಾಲ್ಕನೇ ವಿಷಯ," ಎಂದು ಅಜ್ಜಿ ಕನ್ನಡಕ ಏರಿಸಿಕೊಂಡರು. "ಸಿಬ್ಬಂದಿ ಘೋಷಣೆ. ನಾನು ಓದಲಾ, ನೀನೇ ಓದ್ತೀಯಾ ಮಗಳೇ?"

ನಡವಳಿ ಪುಸ್ತಕದ ಮೇಲೆ ಪೆನ್ನು ಹಿಡಿದು ಕೂತಿದ್ದ ಅವಳು, ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದು ಬೇಡಿಕೊಳ್ಳುತ್ತಿದ್ದಳು. ನೆಲ ಜಪ್ಪಯ್ಯ ಅಂದರೂ ಬಾಯಿಬಿಡಲಿಲ್ಲ. "ನೀವೇ ಓದಿ ಅಜ್ಜಿ," ಎಂದಳು.

ಎದುರಿನ ಕುರ್ಚಿಯಲ್ಲಿ ಅಜ್ಜಿಯ ಮೊಮ್ಮಗ. ಪಶುವೈದ್ಯ. ಮುಂಗೈ ಮೇಲೆ ಯಾವುದೋ ಬೆಕ್ಕು ಗೀರಿದ ಹೊಸ ಗುರುತು. ಅವನು ಕಾಗದದಿಂದ ತಲೆ ಎತ್ತಲಿಲ್ಲ. ಅವನ ಪಕ್ಕದಲ್ಲಿ ಅವನ ಸೋದರತ್ತೆ, ಎಲ್ಲವನ್ನೂ ಮೊದಲೇ ಓದಿಕೊಂಡು ಬಂದವರ ಗತ್ತಿನಲ್ಲಿ ಕೂತಿದ್ದರು. ಈ ಮೂವರೇ ಟ್ರಸ್ಟಿಗಳು.

ಮನೆತನದವರು ನಡೆಸುವ ಚಿಕ್ಕ ದತ್ತಿಸಂಸ್ಥೆಗಳಿಗೆ ಸ್ವಂತ ಆಫೀಸು ಇಟ್ಟುಕೊಳ್ಳುವಷ್ಟು ಕೆಲಸವಿರುವುದಿಲ್ಲ, ಆದರೆ ಕಾನೂನು ಕೇಳಬೇಕಲ್ಲ. ಸಭೆ ಕರೆಯುವುದು, ನಡವಳಿ ಬರೆಯುವುದು, ವರ್ಷದ ವರದಿಯನ್ನು ಗಡುವಿನೊಳಗೆ ಸಲ್ಲಿಸುವುದು, ಇದನ್ನೆಲ್ಲ ಹೊರಗಿನಿಂದ ಮಾಡಿಕೊಡುವ ಆಫೀಸಿನಲ್ಲಿ ಅವಳಿಗೆ ಆರು ವರ್ಷದ ಕೆಲಸ. ಹಾಸಿಗೆ ಹಿಡಿದವರಿಗೆ ಗಾಲಿಕುರ್ಚಿ ಕೊಡುವ ಅಜ್ಜಿಯ ಸಂಸ್ಥೆ ಎರಡು ವರ್ಷದಿಂದ ಅವಳ ಫೈಲು. ಪಟ್ಟಿ ಮಾಡಿ ಟಿಕ್ ಹಾಕದೆ ಅವಳು ನೀರೂ ಕುಡಿಯುವುದಿಲ್ಲವೆಂದು ಆಫೀಸಿನವರೆಲ್ಲ ಅವಳನ್ನು ಟಿಕ್ಕು ಎನ್ನುತ್ತಿದ್ದರು.

ಅಂಥ ಟಿಕ್ಕುವಿನ ಕೈಯಲ್ಲೇ ಈ ಎಡವಟ್ಟು ನಡೆದಿತ್ತು. ಟ್ರಸ್ಟಿಗಳ ಜೊತೆ ಏನಾದರೂ ಖಾಸಗಿ ನಂಟಿದೆಯೇ ಎಂದು ಸಿಬ್ಬಂದಿಯೆಲ್ಲ ವರ್ಷಕ್ಕೊಮ್ಮೆ ಬರೆದುಕೊಡಬೇಕು. ಪ್ರತಿ ವರ್ಷ ಅವಳು 'ಇಲ್ಲ' ಎಂದು ಬರೆಯುತ್ತಿದ್ದಳು. ಈ ಸಲ ಕೈ ಬರಲಿಲ್ಲ. ಟ್ರಸ್ಟಿಯಾಗಿದ್ದ ಭಾವಮೈದುನನ ವಿಷಯ ಮುಚ್ಚಿಟ್ಟ ಸಹೋದ್ಯೋಗಿಯೊಬ್ಬನನ್ನು ಹೋದ ವರ್ಷ ಮನೆಗೆ ಕಳಿಸಿದ್ದರು. ಅವಳು ಇದ್ದದ್ದು ಇದ್ದ ಹಾಗೆ ಬರೆದಳು, ಮ್ಯಾನೇಜರ್ ಮೇಡಂಗೆ ಮಾತ್ರ ತೋರಿಸಿ ಬೇರೆ ಫೈಲು ಕೇಳೋಣವೆಂದು. ಮಂಗಳವಾರ ಸಭೆಯ ಕಾಗದಗಳನ್ನು ಕಟ್ಟುವಾಗ 'ಸಿಬ್ಬಂದಿ ಘೋಷಣೆ ಲಗತ್ತಿಸಿದೆ' ಎಂಬ ಸಾಲಿಗೆ ಅಭ್ಯಾಸಬಲದಿಂದ ಟಿಕ್ ಬಿತ್ತು, ಕಾಗದವೂ ಜೊತೆಗೆ ಹೋಯಿತು.

"ಹೋಗಿದ್ದು ಹೋಯ್ತು," ಎಂದಿದ್ದರು ಮೇಡಂ. "ವಾಪಸ್ ತರಿಸಿಕೊಂಡ್ರೆ ಮುಚ್ಚಿಟ್ಟ ಹಾಗಾಗುತ್ತೆ. ಅವರೇನು ಹೇಳ್ತಾರೋ ನೋಡಿ ಆಮೇಲೆ ನಿನ್ನ ಕೆಲಸದ ಮಾತಾಡೋಣ." ಆ ಮಾತನ್ನು ಮೂರು ದಿನದಿಂದ ಅವಳು ಊಟದ ಜೊತೆ ನುಂಗುತ್ತಿದ್ದಳು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ಅವನು ಇನ್ನು ಮುಖ ತಿರುಗಿಸಿಕೊಂಡರೆ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ.

ಅಜ್ಜಿ ಗಂಟಲು ಸರಿಮಾಡಿಕೊಂಡು ಓದಿದರು. "'ಟ್ರಸ್ಟಿಗಳಾದ ಪಶುವೈದ್ಯರ ಬಗ್ಗೆ ನನಗೆ ಒಲವಿದೆ. ಇದು ಅವರಿಗೆ ಗೊತ್ತಿಲ್ಲ. ಕಳೆದ ತಿಂಗಳು ಅವರ ಸಹಿ ಮೂರು ದಿನ ತಡವಾದರೂ ನಾನು ಎಂದಿನಂತೆ ಫೋನ್ ಮಾಡಿ ನೆನಪಿಸಲಿಲ್ಲ. ಅವರೇ ಫೋನ್ ಮಾಡಲಿ ಎಂದು ಕಾದೆ. ಇದು ಕರ್ತವ್ಯಲೋಪ. ನನ್ನನ್ನು ಈ ಫೈಲಿನಿಂದ ಬಿಡಿಸಬೇಕು.'"

ಅಜ್ಜಿ ಕಾಗದ ಮಡಿಸಿ ಮೇಜಿನ ಮೇಲಿಟ್ಟರು.

"ಇದನ್ನೆಲ್ಲ ನಡವಳೀಲಿ ಬರೀಬೇಕಾ?" ಎಂದರು ಅತ್ತೆ.

"ಬರೀಬೇಕು ಮೇಡಂ. ಪೂರ್ತಿ," ಎಂದು ಅವಳು ತಲೆ ತಗ್ಗಿಸಿ ತನ್ನ ಒಲವನ್ನು ತಾನೇ ದಾಖಲಿಸಿದಳು. ಅಕ್ಷರ ಸೊಟ್ಟಗಾಯಿತು.

"ಚರ್ಚೆ ನಡೆಯೋವಾಗ ಸಂಬಂಧಪಟ್ಟವರು ಹೊರಗಿರಬೇಕು. ಈ ನಿಯಮ ಬರೆದುಕೊಟ್ಟವಳೂ ನೀನೇ ಅಲ್ವಾ?" ಅಜ್ಜಿ ಕೇಳಿದರು.

"ಹೌದು ಅಜ್ಜಿ."

"ಇದರಲ್ಲಿ ಸಂಬಂಧಪಟ್ಟವರು ಅಂದ್ರೆ ಒಬ್ರಾ, ಇಬ್ರಾ?"

ಅವಳು ಒಂದು ಗಳಿಗೆ ಯೋಚಿಸಿದಳು. ಸುಳ್ಳು ಹೇಳಿ ಗೊತ್ತಿಲ್ಲದ ಬಾಯಿ. "ಇಬ್ರೂ."

"ಹಾಗಾದ್ರೆ ಇಬ್ರೂ ಎದ್ದು ಹೋಗಿ."

ಹೊರಗಿನ ಪಡಸಾಲೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಗಿಡ್ಡ ಬೆಂಚು. ಇಬ್ಬರೂ ಅದರ ಎರಡು ತುದಿಗೆ ಕೂತರು.

"ತಪ್ಪಾಯ್ತು," ಅವಳೇ ಶುರುಮಾಡಿದಳು. "ನಿಮ್ಮ ಮನೆಯವರ ಮುಂದೆ ನಿಮ್ಮನ್ನ ಹೀಗೆ ಸಿಕ್ಕಿಹಾಕಿಸಬಾರದಿತ್ತು. ಅದು ಕಳಿಸೋಕೆ ಬರೆದಿದ್ದಲ್ಲ."

"ಬುಧವಾರಾನೇ ಓದಿದೆ."

"ನೀವಾ? ಸಭೆಗೆ ಮುಂಚೇನೇ?" ಅವಳಿಗೆ ನಾಚಿಕೆಗಿಂತ ಮೊದಲು ಆಶ್ಚರ್ಯವಾಯಿತು.

"ನಾಲ್ಕು ಸಲ."

"ಮತ್ತೆ ಒಂದು ಮಾತೂ ಆಡಲಿಲ್ಲ."

"ಫೋನ್ ಕೈಗೆ ತಗೊಂಡು ತಗೊಂಡು ಇಟ್ಟೆ. ಸಭೆಗೆ ಮುಂಚೆ ಟ್ರಸ್ಟಿ ಫೋನ್ ಮಾಡಿದ ಅಂತಾದ್ರೆ ನಿಮ್ಮ ಕೆಲಸಕ್ಕೇ ಕುತ್ತು ಅನ್ನಿಸ್ತು. ಮೂರು ದಿನ ನನ್ನ ತಲೆ ನೆಟ್ಟಗಿರಲಿಲ್ಲ. ಒಂದು ನಾಯಿಗೆ ಎರಡನೇ ಸಲ ಇಂಜೆಕ್ಷನ್ ಕೊಡೋಕೆ ಹೋದೆ, ಅದೇ ಗುರ್ ಅಂತ ನೆನಪಿಸ್ತು."

ಅವಳಿಗೆ ನಗು ಬಂತು. ತಡೆದುಕೊಂಡಳು. ಅವನು ಓರೆಗಣ್ಣಿನಲ್ಲಿ ಆ ತಡೆದ ನಗುವನ್ನೇ ನೋಡಿದ.

"ಒಂದು ಕೇಳ್ಲಾ? ಎರಡು ವರ್ಷದಲ್ಲಿ ನಮ್ಮ ಅತ್ತೆ ಸಹಿ ಯಾವತ್ತಾದ್ರೂ ತಡ ಆಗಿದೆಯಾ?"

"ಇಲ್ಲ."

"ಅತ್ತೆಗೆ ನೀವು ಎಷ್ಟು ಸಲ ಫೋನ್ ಮಾಡಿದೀರಾ?"

"ಅವರಿಗ್ಯಾಕೆ ಮಾಡಲಿ, ಅವರು ಸರಿಯಾಗಿ..." ಅವಳ ಮಾತು ಅಲ್ಲೇ ನಿಂತಿತು. ಅವನ ಕಿವಿ ಕೆಂಪಾಗಿತ್ತು. "ಬೇಕು ಅಂತಾನೇ ತಡ ಮಾಡ್ತಿದ್ರಾ?"

"ಕಳೆದ ತಿಂಗಳೂ ಅಷ್ಟೇ. ಮೂರು ದಿನ ಕಾದೆ, ಫೋನ್ ಬರಲಿಲ್ಲ. ನನ್ನ ಸಹವಾಸ ಸಾಕಾಯ್ತು ಇವರಿಗೆ ಅಂದ್ಕೊಂಡು ಸಹಿ ಹಾಕಿ ಕಳಿಸಿಬಿಟ್ಟೆ."

"ಅವತ್ತು ನಾನು ಅಳೋದೊಂದು ಬಾಕಿ," ಎಂದಳು ಅವಳು. ಆಮೇಲೆ ರೇಗಿತು. "ಎರಡು ವರ್ಷ ಗಡುವಿನ ಅಂಚಿಗೆ ತಂದು ನಿಲ್ಲಿಸ್ತಿದ್ರಲ್ಲ, ನನ್ನ ಜೀವ ಬಾಯಿಗೆ ಬರ್ತಿತ್ತು. ಇದನ್ನ ನೀವೂ ಬರೆದುಕೊಡಬೇಕಿತ್ತು ಡಾಕ್ಟ್ರೇ."

"ನಿಮ್ಮಷ್ಟು ಧೈರ್ಯ ಇರಲಿಲ್ಲ. ಈಗ ಬಾಯಲ್ಲೇ ಹೇಳ್ತೀನಿ. ನನಗೆ ನೀವಂದ್ರೆ ತುಂಬಾ ಇಷ್ಟ. ಎರಡು ವರ್ಷದಿಂದ."

ಮೂರು ದಿನದಲ್ಲಿ ಮೊದಲ ಸಲ ಅವಳು ಪೂರ್ತಿ ಉಸಿರು ಎಳೆದುಕೊಂಡಳು. ಬೆಂಚಿನ ನಡುವೆ ಅವನ ಗೀರುಬಿದ್ದ ಕೈ ಇತ್ತು. ಅವಳು ಅದರ ಮೇಲೆ ತನ್ನ ಕೈ ಇಟ್ಟಳು.

"ಒಳಗೆ ಬನ್ನಿ," ಅಜ್ಜಿಯ ದನಿ ಕೇಳಿದ್ದೇ ಇಬ್ಬರೂ ಶಾಲೆ ಮಕ್ಕಳ ಹಾಗೆ ದಡಬಡಿಸಿ ಎದ್ದರು.

"ನಿರ್ಣಯ," ಎಂದರು ಅಜ್ಜಿ. "ಹುಡುಗಿ ಏನನ್ನೂ ಮುಚ್ಚಿಟ್ಟಿಲ್ಲ. ಹಾಗಂತ ಅವಳ ಮೇಡಂಗೆ ನಾನೇ ಮೆಚ್ಚುಗೆ ಕಾಗದ ಬರೀತೀನಿ. ಫೈಲು ಇವತ್ತಿನಿಂದ ಬೇರೆಯವರಿಗೆ. ಉಳಿದದ್ದು ಈ ಬೋರ್ಡಿಗೆ ಸಂಬಂಧಪಟ್ಟಿದ್ದಲ್ಲ."

"ಅತ್ತೆಗೆ ಸಂಬಂಧಪಟ್ಟಿದ್ದು," ಎಂದರು ಅತ್ತೆ, ಅವನ ಕಿವಿ ಇನ್ನೂ ಕೆಂಪಾಗಿದ್ದದ್ದನ್ನು ನೋಡುತ್ತ. "ನಮ್ಮ ಮನೆಗೆ ಒಬ್ಬರಾದ್ರೂ ಟೈಮಿಗೆ ಸರಿಯಾಗಿ ಇರೋರು ಬರ್ತಿದಾರೆ. ಇದನ್ನ ಬರ್ಕೋಬೇಡಮ್ಮ."

ಫೈಲು ಕೈತಪ್ಪಿದ ಮೇಲೆ ಅವಳು ಅಲ್ಲಿ ಕೂರುವ ಹಾಗಿರಲಿಲ್ಲ. ನಡವಳಿ ಪುಸ್ತಕವನ್ನು ಅತ್ತೆಗೆ ಒಪ್ಪಿಸಿ, ಹೊರಗೆ ಬಂದು ಅವನಿಗಾಗಿ ಅದೇ ಬೆಂಚಿನ ಮೇಲೆ ಕಾದು ಕೂತಳು. ಸಭೆಯಲ್ಲಿ ಇನ್ನೂ ಐದು ವಿಷಯ ಬಾಕಿ ಇದ್ದವು. ಬಾಗಿಲು ಅರ್ಧ ತೆರೆದಿತ್ತು.

"ಐದನೇ ವಿಷಯ," ಅಜ್ಜಿ.

"ಒಪ್ಪಿಗೆ," ವೈದ್ಯ.

"ನಾನಿನ್ನೂ ಓದೇ ಇಲ್ವಲ್ಲೋ."

"ಆದ್ರೂ ಒಪ್ಪಿಗೆ ಅಜ್ಜಿ. ಆರನೇದು?"

ಐದು, ಆರು ಹೀಗೇ ಹಾರಿಹೋದವು. ಏಳನೆಯದು ಗಾಲಿಕುರ್ಚಿ ಕೇಳಿದವರ ಪಟ್ಟಿ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೂ ಒಪ್ಪಿಗೆ ಬಿದ್ದಾಗ ಅವಳ ಕೈಯಲ್ಲಿ ತಡೆದುಕೊಳ್ಳಲಾಗಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

"ಕ್ಷಮಿಸಿ ಅಜ್ಜಿ, ಒಂದೇ ಮಾತು. ಡಾಕ್ಟ್ರೇ, ಅದರಲ್ಲಿ ಇಪ್ಪತ್ತೆರಡು ಜನರ ಹೆಸರಿದೆ. ಹಾಸಿಗೆಯಿಂದ ಏಳೋಕೆ ಕಾಯ್ತಿರೋರು. ಒಂದೊಂದಾಗಿ ಓದಿ. ಸಾಯಂಕಾಲ ಆದ್ರೂ ಆಗಲಿ, ನಾನು ಎಲ್ಲೂ ಹೋಗಲ್ಲ."

ಅವನು ಅವಳನ್ನು ನೋಡಿದ. ಆಮೇಲೆ ಪುಟ ಹಿಂದಕ್ಕೆ ತಿರುಗಿಸಿ ಮೊದಲ ಹೆಸರಿನಿಂದ ಗಟ್ಟಿಯಾಗಿ ಓದತೊಡಗಿದ. ಅವಳು ಬಾಗಿಲು ಮುಂದೆ ಮಾಡಿ ಬಂದು ಬೆಂಚಿನ ಮೇಲೆ ಆರಾಮಾಗಿ ಕಾಲು ಚಾಚಿ ಕೂತಳು.