ಬಂಡೆಗೊಂದು ಹಾಸಿಗೆ

"ನಿಮ್ಮ ತೂಕ ಎಷ್ಟು?"

ಹಾಸಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮೂಲೆಯಲ್ಲಿ ದಿಂಬು ಆರಿಸುತ್ತಿದ್ದ ಹೊಸ ಜೋಡಿಯೊಂದಿತ್ತು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡ ದಿಂಬಿನ ಹಿಂದೆ ಮುಖ ಮರೆಸಿಕೊಂಡ. ಮುಖ ಮರೆಯಾದರೂ ನಗು ಕೇಳಿಸಿತು.

ತೂಕ ಕೇಳಿಸಿಕೊಂಡವಳ ಕಿವಿ ಬಿಸಿಯಾಯಿತು.

ಅವಳು ಭಾರ ಎತ್ತುವ ಕ್ರೀಡಾಪಟು. ಬೀದಿಯ ಮಕ್ಕಳಿಂದ ಹಿಡಿದು ಹಾಲಿನವನ ತನಕ ಎಲ್ಲರೂ ಕರೆಯುವುದು 'ಬಂಡೆ' ಎಂದೇ. ಸ್ಪರ್ಧೆಯ ದಿನ ತೂಕದ ಯಂತ್ರದ ಮೇಲೆ ತಲೆಯೆತ್ತಿ ನಿಲ್ಲುವ ಹುಡುಗಿ. ಅಲ್ಲಿ ತೂಕವೆಂದರೆ ಒಂದು ಸಂಖ್ಯೆ, ಅಷ್ಟೇ. ಆದರೆ ಬಟ್ಟೆ ಅಂಗಡಿಯಲ್ಲಿ, ಬಸ್ಸಿನ ಸೀಟಿನಲ್ಲಿ, ನೆಂಟರ ಮನೆಯ ಪ್ಲಾಸ್ಟಿಕ್ ಕುರ್ಚಿಯ ಮುಂದೆ ಅದೇ ತೂಕ ಕಂಡವರಿಗೆಲ್ಲ ಪುಕ್ಕಟೆ ತಮಾಷೆ.

ಕೇಳಿದವನು ಅಂಗಡಿಯ ಯಜಮಾನ. ಕೊರಳಿಗೆ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲು. ಆ ಪೆನ್ಸಿಲಿಗೂ ಅವನಿಗೂ ದಪ್ಪದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ.

'ಈ ಕಡ್ಡಿ ಪೈಲ್ವಾನ್ ನನ್ನ ತೂಕ ಕೇಳ್ತಾನಾ...'

"ಯಾಕೆ? ನಾನು ಮಲಗಿದ್ರೆ ನಿಮ್ಮ ಹಾಸಿಗೆಯ ಪ್ರಾಣ ಹೋಗುತ್ತಾ?" ಎಂದಳು.

"ಅಯ್ಯೋ, ಹಾಗಲ್ಲ... ಅದು ಹಾಸಿಗೆಯ ಲೆಕ್ಕಕ್ಕೆ..." ಅವನ ನಾಲಿಗೆ ತೊದಲಿತು.

ಲೆಕ್ಕ ಕೇಳುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಬಾಗಿಲಿಗೆ ಹೋಗುವ ದಾರಿಗೆ ದೊಡ್ಡ ಡಬಲ್ ಹಾಸಿಗೆಯೊಂದು ಅಡ್ಡ ನಿಂತಿತ್ತು. ಅದನ್ನು ತಬ್ಬಿ ಎತ್ತಿ, ಪಕ್ಕದ ಗೋಡೆಗೆ ಒರಗಿಸಿ, ಕೈ ಕೊಡವಿ ನಡೆದಳು. ಬಾಗಿಲ ಗಾಜಿನಲ್ಲಿ ಅವನ ಮುಖ ಕಂಡಿತು. ಬಾಯಿ ತೆರೆದೇ ಇತ್ತು.

'ನಗು, ಚೆನ್ನಾಗಿ ನಗು.'

ಅದು ನಗುವಾಗಿರಲಿಲ್ಲ. ಆ ಹಾಸಿಗೆಯನ್ನು ಒಳಗೆ ತರಲು ಅವನೂ ಅವನ ತಾಯಿಯೂ ಬೆಳಗಿನಿಂದ ಒದ್ದಾಡಿದ್ದರು. ಅವನ ಮುಖದಲ್ಲಿದ್ದದ್ದು ಶುದ್ಧ ಬೆರಗು. ಆದರೆ ಸಿಟ್ಟು ಬಂದವರಿಗೆ ಎದುರಿನವರ ಮುಖ ಓದಲು ಎಲ್ಲಿ ಬರುತ್ತದೆ?

ಹಾಸಿಗೆ ಅವಳಿಗೆ ಶೋಕಿಗೆ ಬೇಕಿರಲಿಲ್ಲ. ಕೆಲವು ತಿಂಗಳಿಂದ ಬೆಳಗ್ಗೆ ಏಳುವಾಗ ಬೆನ್ನು ಮರದ ಹಲಗೆಯಂತೆ ಬಿಗಿದಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸಡಿಲ, ಮರುದಿನ ಮತ್ತೆ ಅದೇ ಕಥೆ. ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿ, ಬೆನ್ನುಮೂಳೆ ಗಟ್ಟಿಮುಟ್ಟಾಗಿದೆ, ಮೊದಲು ಮಲಗುವ ಹಾಸಿಗೆ ಬದಲಿಸು ಎಂದಿದ್ದರು. ಮನೆಯಲ್ಲಿದ್ದ ಹಾಸಿಗೆಯೋ, ನಡುವೆ ತಗ್ಗು ಬಿದ್ದು ತೊಟ್ಟಿಲಾಗಿತ್ತು.

ರಾಷ್ಟ್ರ ತಂಡದ ಆಯ್ಕೆ ಹತ್ತಿರ ಬಂದಿತ್ತು. ಹಿಂದೆ ಎರಡು ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಮತ್ತೆ ಭಾರ ಎತ್ತುವ ಬಾರ್ ಮುಟ್ಟುವುದಿಲ್ಲ ಎಂದು ಅವಳೇ ಅಪ್ಪನಿಗೆ ಮಾತು ಕೊಟ್ಟಿದ್ದಳು. ಅಪ್ಪ ಕೇಳಿದ್ದಲ್ಲ. ಮಗಳಿಗಾಗಿ ಅವರು ಸವೆದದ್ದು ಸಾಕೆಂದು ಅವಳಿಗೇ ಅನ್ನಿಸಿತ್ತು.

ಸಿಟ್ಟಿನಲ್ಲೇ ರಸ್ತೆ ದಾಟಿ, ಎದುರಿನ ಅಂಗಡಿಯಲ್ಲಿ ಇದ್ದದ್ದರಲ್ಲೇ ಅತಿ ಗಟ್ಟಿಯಾದ ಹಾಸಿಗೆ ಕೊಂಡಳು. ಆ ಅಂಗಡಿಯವನು ಅವಳನ್ನು ಏನೂ ಕೇಳಲಿಲ್ಲ. ಗಟ್ಟಿ ಇದ್ದಷ್ಟೂ ಬೆನ್ನಿಗೆ ಒಳ್ಳೆಯದು ಎಂದು ಊರೆಲ್ಲ ಹೇಳುವುದಿಲ್ಲವೇ? ಅವಳೂ ಒಮ್ಮೆ ಅಂಗೈಯಿಂದ ಒತ್ತಿ ನೋಡಿದಳು. ಕಲ್ಲಿನಂತಿತ್ತು. ತೃಪ್ತಿಯಾಯಿತು.

ಆ ತೃಪ್ತಿ ಮರುದಿನ ಬೆಳಗಿನವರೆಗೂ ಬಾಳಲಿಲ್ಲ. ಭುಜ ಜೋಮು ಹಿಡಿದಿತ್ತು, ಬೆನ್ನು ಮೊದಲಿಗಿಂತ ಬಿಗಿದಿತ್ತು.

ಅಪ್ಪ ನಿವೃತ್ತ ಬಸ್ ಕಂಡಕ್ಟರ್. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಅವರನ್ನು ನೋಡಿಯೇ ಕಟ್ಟಿರಬೇಕು. ಕಂಬಿ ಹಿಡಿದು ನಿಂತಲ್ಲೇ ನಿದ್ದೆ ಮಾಡಿದ ಮನುಷ್ಯ. ಆದರೆ ಮಗಳು ಗೋಡೆ ಹಿಡಿದು ಏಳುವುದನ್ನು ನೋಡಿದ ದಿನ ಅವರಿಗೂ ನಿದ್ದೆ ಬರಲಿಲ್ಲ.

ಆ ವಾರವೇ ತೂಕ ಕೇಳಿದ ಆ ಯಜಮಾನ ಅವಳ ತರಬೇತಿ ಕೇಂದ್ರಕ್ಕೆ ಬಂದ.

ಬೆಂಚುಗಳ ಹರಿದ ಹೊದಿಕೆ ಹೊಲಿಯಲು ಕೋಚ್ ಮೇಡಂ ಕರೆಸಿದ್ದರಂತೆ. ಅವಳಿಗೆ ಅದು ಗೊತ್ತಿರಲಿಲ್ಲ. ಬಾರ್ ಎದೆಯ ತನಕ ಬಂದಿತ್ತು. ಕಣ್ಣೆತ್ತಿದಳು. ಎದುರಿಗೆ ಅದೇ ಪೆನ್ಸಿಲು, ಅದೇ ತೆರೆದ ಬಾಯಿ...

'ಇಲ್ಲಿಗೂ ನೋಡೋಕೆ ಬಂದ್ನಾ?'

ಅಷ್ಟರಲ್ಲಿ ಬೆನ್ನು ಚುಳುಕ್ಕೆಂದಿತು. ಬಾರ್ ಕೈ ಜಾರಿ ಧಡಾರನೆ ಬಿತ್ತು. ಅವನು ನಗಲಿಲ್ಲ. ಮುಖ ಬಿಳುಚಿಕೊಂಡು, ಸೂಜಿ ದಾರ ಎತ್ತಿಕೊಂಡು ಹೊರಗೆ ಹೋಗಿಬಿಟ್ಟ. ಅವಳ ಅವಮಾನ ಇಮ್ಮಡಿಯಾಯಿತು.

ಮೇಡಂ ಹತ್ತಿರ ಬಂದು ಬೆನ್ನಿನ ವಿಷಯ ಕೇಳಿದರು. ಅವಳು ಹಾಸಿಗೆಯ ಕಥೆಯನ್ನೆಲ್ಲ ಹೇಳಿದಳು. ಮೇಡಂ ತಮ್ಮ ಹಾಸಿಗೆಯನ್ನೂ ಅದೇ ಹುಡುಗನ ಕೈಲಿ ಮಾಡಿಸಿದ್ದರು. ತೂಕ ತಿಳಿಯದೆ ಅವನು ಯಾರಿಗೂ ಹಾಸಿಗೆ ಮಾಡುವುದಿಲ್ಲ ಎಂದಷ್ಟೇ ಹೇಳಿದರು.

ಅವಳು ನಂಬಲಿಲ್ಲ. ಆದರೂ ಮರುದಿನ ಬೆಳಗ್ಗೆ ಅವಳ ಕಾಲು ತಾನಾಗಿ ಆ ಅಂಗಡಿಯ ದಾರಿ ಹಿಡಿಯಿತು. ಬಾಗಿಲಲ್ಲೇ ನಿಂತಳು.

ಒಳಗೆ ಅವನು ಬಾಗಿದ ಬೆನ್ನಿನ ಅಜ್ಜಿಯೊಬ್ಬರನ್ನು ಕೇಳುತ್ತಿದ್ದ. "ಅಜ್ಜಿ, ನಿಮ್ಮ ತೂಕ ಎಷ್ಟು? ಮಗ್ಗುಲಾಗಿ ಮಲಗ್ತೀರೋ, ಅಂಗಾತವೋ?"

ಅಜ್ಜಿಯ ನಂತರ ಹೊಟ್ಟೆ ಮುಂದೆ ಬಿಟ್ಟ ವಕೀಲರು. ಅವರಿಗೂ ಅದೇ ಪ್ರಶ್ನೆ, ಅದೇ ದನಿ. ವಕೀಲರು ತೂಕ ಕಡಿಮೆ ಹೇಳಿ ಸಿಕ್ಕಿಬಿದ್ದರು.

ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹಗುರವಾಯಿತು. ತೂಕವನ್ನು ಬರೀ ತೂಕವಾಗಿ ಕೇಳಿದ ಮನುಷ್ಯ... ಅವನನ್ನೇ ನಾನು ಬಯ್ದು ಬಂದೆನಲ್ಲ!

ಅವಳು ಒಳಗೆ ನಡೆದು, ಸ್ಪರ್ಧೆಯಲ್ಲಿ ಅಧಿಕಾರಿಗಳ ಮುಂದೆ ನಿಲ್ಲುವಂತೆ ನೆಟ್ಟಗೆ ನಿಂತು, ತನ್ನ ತೂಕವನ್ನು ಅಂಗಡಿಗೆಲ್ಲ ಕೇಳುವಂತೆ ಹೇಳಿದಳು. ಬೇರೆಯವರು ಹೇಳಿ ನಗುವ ಮೊದಲೇ ತಾನೇ ಗಟ್ಟಿಯಾಗಿ ಹೇಳಿದ್ದು ಬದುಕಿನಲ್ಲಿ ಅದೇ ಮೊದಲು. ಯಾರೂ ನಗಲಿಲ್ಲ. ಅಜ್ಜಿ ಮಾತ್ರ, ಗಟ್ಟಿ ಮೈ ಕಣಮ್ಮ, ದೃಷ್ಟಿ ತಾಗೀತು ಎಂದರು.

"ಮಗ್ಗುಲಾಗಿ ಮಲಗ್ತೀನಿ," ಎಂದು ಸೇರಿಸಿದಳು. "ಮತ್ತೆ... ಆವತ್ತು ಬಯ್ದಿದ್ದು ನನ್ನ ತಪ್ಪು."

"ಎಲ್ಲರ ಮುಂದೆ ಕೇಳಿದ್ದು ನನ್ನ ತಪ್ಪು," ಎಂದ ಅವನು. ಪೆನ್ಸಿಲು ಕಿವಿಯಿಂದ ಜಾರಿ ಬಿತ್ತು.

ಹಾಸಿಗೆ ಆರಿಸುವುದೆಂದರೆ ಏನೆಂದು ಅವಳಿಗೆ ಆ ದಿನ ತಿಳಿಯಿತು. ಅಂಗೈಯಿಂದ ಒತ್ತಿ ನೋಡುವುದಲ್ಲ. ಅಂಚಿನಲ್ಲಿ ಕುಳಿತು ಕುಪ್ಪಳಿಸುವುದೂ ಅಲ್ಲ. ಚಪ್ಪಲಿ ಬಿಟ್ಟು, ಮನೆಯಲ್ಲಿ ಹೇಗೆ ಮಲಗುತ್ತೇವೋ ಹಾಗೆಯೇ ಮಲಗಿ, ಮೈ ಮರೆಯುವಷ್ಟು ಹೊತ್ತು ಸುಮ್ಮನಿರಬೇಕು. ಭುಜ, ಸೊಂಟ ತಕ್ಕಷ್ಟು ಒಳಗಿಳಿಯಬೇಕು, ಅವೆರಡರ ನಡುವಿನ ತಗ್ಗಿಗೆ ಆಸರೆ ಸಿಗಬೇಕು, ಬೆನ್ನುಮೂಳೆ ನೆಟ್ಟಗಿರಬೇಕು. ಅವನ ತಾಯಿ ಹಿಂದೆ ನಿಂತು, ಬೆನ್ನು ನೆಟ್ಟಗಿದೆಯೇ ಎಂದು ನೋಡಿ ಹೇಳುತ್ತಿದ್ದರು. ಅವನು ಆ ಹೊತ್ತಿನಲ್ಲಿ ಗೋಡೆ ನೋಡುತ್ತಿದ್ದ. ಆ ಮರ್ಯಾದೆ ಅವಳಿಗೆ ಹಿಡಿಸಿತು.

ಅವನು ಆರಿಸಿದ ಹಾಸಿಗೆಯಲ್ಲೂ ಅವಳ ಭುಜ ನೋಯಿತು. ಲೆಕ್ಕದ ಪ್ರಕಾರ ನೋಯಬಾರದು ಎಂದು ಅವನು ಹಟ ಹಿಡಿದ.

"ನಿಮ್ಮ ಲೆಕ್ಕದಲ್ಲಿ ನನ್ನ ಭುಜ ಇಲ್ಲ," ಎಂದಳು ಅವಳು. "ಬಾರ್ ಎತ್ತಿ ಎತ್ತಿ ಅದು ಸೊಂಟಕ್ಕಿಂತ ಅಗಲ ಆಗಿದೆ. ತೂಕ ಕೇಳಿದ್ರಿ, ಆಕಾರ ಕೇಳಲಿಲ್ಲ."

ಅವನು ಅವಳ ಭುಜ ನೋಡಿದ, ಹಾಸಿಗೆ ನೋಡಿದ, ತಲೆ ಕೆರೆದುಕೊಂಡ. ಆಮೇಲೆ ಹೊದಿಕೆ ಬಿಚ್ಚಿ, ಭುಜ ಬರುವ ಜಾಗದಲ್ಲಿ ಗಟ್ಟಿ ಪದರ ಕತ್ತರಿಸಿ ತೆಗೆದು ಮೆತ್ತನೆಯದು ಕೂರಿಸಿದ. ನಡುವಿನ ಜಾಗಕ್ಕೆ ಇನ್ನೂ ಗಟ್ಟಿ. ಇನ್ನಷ್ಟು ಮೆತ್ತಗೆ, ಸ್ವಲ್ಪ ಮೇಲೆ ಎಂದು ಅವಳು ಹೇಳುತ್ತ ಹೋದಳು, ಅವನು ಕೂರಿಸುತ್ತ ಹೋದ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ," ಎಂದು ಅವಳು ಕೆಣಕಿದಳು.

"ಆ ಗಾದೆ ನಂಬಿದ್ರೆ ನಾನು ಅಂಗಡಿ ಮುಚ್ಚಬೇಕು," ಎಂದ.

ಕೊನೆಯ ಸಲ ಮಲಗಿದಾಗ ಅವಳು ಏನೂ ಹೇಳಲಿಲ್ಲ.

ನಿದ್ದೆ ಹೋಗಿದ್ದಳು.

ಅವನು ಬಾಗಿಲಿನ ಗಂಟೆ ಬಿಚ್ಚಿಟ್ಟ. ಚೌಕಾಸಿಗೆ ನಿಂತ ಗಿರಾಕಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಆ ಪುಣ್ಯಾತ್ಮ ಪಿಸುದನಿಯಲ್ಲೇ ಚೌಕಾಸಿ ಮುಂದುವರಿಸಿದ. ತಾಯಿ ಮಗನನ್ನು ಓರೆಗಣ್ಣಿನಿಂದ ನೋಡಿ, ಹಾಸಿಗೆ ಒಂದನ್ನೇ ಕೊಡ್ತೀಯೋ, ಮನಸ್ಸನ್ನೂ ಜೊತೆಗೆ ಕಟ್ಟಿ ಕಳಿಸ್ತೀಯೋ ಎಂದು ಕೇಳಿದರು. ಅವನು ಕೆಮ್ಮಿ ಗೋದಾಮಿಗೆ ಹೋದ.

ಅವಳು ಎಚ್ಚರಗೊಂಡಾಗ ಬೆನ್ನು ಸಡಿಲವಾಗಿತ್ತು. ಕೈಯೂರದೆ ಎದ್ದು ಕುಳಿತಳು. ಕಣ್ಣಲ್ಲಿ ನೀರು ಬಂತು. ಎಷ್ಟೋ ತಿಂಗಳ ನಂತರ ತನ್ನ ಮೈ ತನಗೆ ವಾಪಸು ಸಿಕ್ಕಿತ್ತು.

ಹಾಸಿಗೆ ಮನೆಗೆ ಬಂತು. ಬೆಳಗಾದರೆ ಅವನ ಫೋನ್ ಬರುತ್ತಿತ್ತು. ಬೆನ್ನು ಹೇಗಿದೆ ಎಂಬಲ್ಲಿಂದ ಶುರುವಾದ ಮಾತು ದಿನದಿಂದ ದಿನಕ್ಕೆ ಬೆನ್ನನ್ನು ಮರೆಯುತ್ತ ಹೋಯಿತು. ಅವನ ಅಮ್ಮನ ಹೊಲಿಗೆ ಯಂತ್ರ, ಅವಳ ಅಪ್ಪನ ಗೊರಕೆ, ತೂಕ ಮುಚ್ಚಿಟ್ಟ ವಕೀಲರು... ಅವಳು ನಗುತ್ತಿದ್ದಳು. ಅಭ್ಯಾಸದಲ್ಲಿ ಬಾರ್ ದಿನೇ ದಿನೇ ಭಾರವಾಗುತ್ತ, ಅವಳಿಗೆ ಹಗುರವಾಗುತ್ತ ಹೋಯಿತು.

ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಅವಳಿಗೆ ತಿಳಿದದ್ದು ಫೋನ್ ತಡವಾದ ಒಂದು ಬೆಳಗ್ಗೆ.

ಆಯ್ಕೆಯ ದಿನ ಬರುತ್ತೀರಲ್ಲ ಎಂದು ಕೇಳಿದಳು.

"ನಾನು ಬರೋದು ಸರಿಯಲ್ಲ," ಎಂದ ಅವನು. ಕಾರಣ ಹೇಳಲಿಲ್ಲ.

ಅವಳ ಎದೆ ಕಲ್ಲಾಯಿತು. 'ಗೊತ್ತಾಯ್ತು ಬಿಡು. ಅಂಗಡಿಯಲ್ಲಿ ನಾನು ಗಿರಾಕಿ. ನಾಲ್ಕು ಜನರ ಮುಂದೆ ಬಂಡೆಯ ಪಕ್ಕ ನಿಲ್ಲೋಕೆ ಯಾರಿಗೆ ತಾನೇ ಧೈರ್ಯ?'

ಮರುದಿನ ಫೋನ್ ಬಂತು. ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ. ಒಳ್ಳೆಯ ಹಾಸಿಗೆಯ ಮೇಲೆ ಮಲಗಿಯೂ ನಿದ್ದೆ ಬಾರದಿರಬಹುದು ಎಂಬುದನ್ನು ಆಗ ಕಲಿತಳು.

ಆಯ್ಕೆಯ ದಿನ ಕ್ರೀಡಾಂಗಣ ತುಂಬಿತ್ತು. ಮೂರು ಅವಕಾಶ. ಮೊದಲನೆಯದು ಸಲೀಸಾಗಿ ಮೇಲೇರಿತು. ತಂಡಕ್ಕೆ ಬೇಕಾದ ಭಾರ ಎರಡನೆಯದರಲ್ಲಿತ್ತು. ಅದು ಎದೆಯಿಂದ ಮೇಲೆ ಹೋಗಲಿಲ್ಲ.

ಬೆನ್ನು ಸರಿಯಿದೆ, ತಲೆ ಎಲ್ಲಿದೆ ಎಂದು ಮೇಡಂ ಗದರಿದರು. ಉಳಿದದ್ದು ಒಂದೇ ಅವಕಾಶ. ನಡುವೆ ಇನ್ನಿಬ್ಬರ ಸರದಿ.

ಅಷ್ಟರಲ್ಲಿ ಅಪ್ಪ ಬೇಲಿಯಾಚೆಯಿಂದ ಕೈಬೀಸಿ ಕರೆದರು.

"ಆ ಹಾಸಿಗೆ ಹುಡುಗ ಬೆಳಗ್ಗೆಯಿಂದ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾನೆ ಮಗಳೇ. ಒಳಗೆ ಬಾ ಅಂದ್ರೆ ಬರಲ್ಲ. ಅವನು ನೋಡಿದ ದಿನವೇ ನಿನ್ನ ಕೈಯಿಂದ ಬಾರ್ ಜಾರಿತಂತೆ. ಮತ್ತೆ ಹಾಗಾದ್ರೆ ಅಂತ ಅವನಿಗೆ ಭಯ. ಗೆದ್ದ ಮೇಲೆ ಹೇಳಿ ಕಳಿಸಿ ಅಂತಾನೆ."

ಅವಳು ಅಪ್ಪನನ್ನೇ ನೋಡಿದಳು. ನಾಚಿಕೆಯಲ್ಲ... ಭಯ. ತನಗಾಗಿ ಪಟ್ಟ ಭಯ. ಆ ಹುಚ್ಚನನ್ನು ಬಯ್ಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟು ದಿನ ಎದೆಯ ಮೇಲೆ ಕುಳಿತಿದ್ದ ಭಾರ ಮಾತ್ರ ಆ ಕ್ಷಣವೇ ಇಳಿದು ಹೋಯಿತು.

"ಅವರನ್ನ ಒಳಗೆ ಕರ್ಕೊಂಡು ಬನ್ನಿ ಅಪ್ಪ," ಎಂದಳು. "ಮುಂದಿನ ಸಾಲಿನಲ್ಲೇ ಕೂರಿಸಿ. ನನ್ನ ಕಣ್ಣಿಗೆ ಕಾಣೋ ಹಾಗೆ."

"ಜಾರಿದ್ರೆ?"

"ಜಾರಿದ್ರೆ ನನ್ನ ಕೈಯಿಂದ ಜಾರುತ್ತೆ. ಅವರ ಕಣ್ಣಿಂದಲ್ಲ."

ಅವಳ ಹೆಸರು ಕೂಗಿದರು. ವೇದಿಕೆ ಹತ್ತಿದಳು. ಮುಂದಿನ ಸಾಲಿನಲ್ಲಿ, ಅಪ್ಪನ ಪಕ್ಕದಲ್ಲಿ, ಬೆವರಿ ತೊಪ್ಪೆಯಾದ ಆ ಕಡ್ಡಿ ಪೈಲ್ವಾನ್ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಅವಳು ಅವನನ್ನು ನೇರವಾಗಿ ನೋಡಿದಳು. ನೋಡುತ್ತಲೇ ಬಾಗಿ ಬಾರ್ ಹಿಡಿದಳು.

ನೆಲದಿಂದ ಎದೆಗೆ. ಕುಳಿತಲ್ಲಿಂದ ಎದ್ದಳು. ತೊಡೆ ನಡುಗಿತು, ಬೆನ್ನು ನೆಟ್ಟಗೆ ನಿಂತಿತು. ಒಂದು ಉಸಿರು... ಎದೆಯಿಂದ ಆಕಾಶಕ್ಕೆ!

ತೋಳು ನೆಟ್ಟಗಾಯಿತು. ಪಾದ ಸರಿಯಾಯಿತು. ಇಳಿಸು ಎನ್ನುವ ಸದ್ದು ಬರುವ ತನಕ ಅವಳು ಆ ಭಾರವನ್ನು ತಲೆಯ ಮೇಲೆ ಹೊತ್ತು ನಿಂತಿದ್ದಳು. ತೀರ್ಪುಗಾರರ ಮೂರೂ ದೀಪ ಬಿಳಿಯಾಗಿ ಹೊತ್ತಿಕೊಂಡವು. ಮೇಡಂ ಕುರ್ಚಿ ಬೀಳಿಸಿಕೊಂಡು ಎದ್ದರು. ಅಪ್ಪ ಬಸ್ಸಿನ ಕಾಲದ ಸೀಟಿಯನ್ನು ಬಾಯಲ್ಲೇ ಊದಿದರು. ಅವಳು ತಂಡ ಸೇರಿದ್ದಳು.

ಬೇಲಿಯ ಹತ್ತಿರ ಅವನು ಕಾಯುತ್ತಿದ್ದ. ಅಪ್ಪನಿಗೆ ಇದ್ದಕ್ಕಿದ್ದಂತೆ ಬಾಯಾರಿಕೆಯಾಯಿತು, ನೀರು ಹುಡುಕಿಕೊಂಡು ಹೋದರು.

"ನೋಡಿದ್ರಾ?" ಎಂದಳು.

"ಎದೆ ತನಕ ನೋಡಿದೆ. ಆಮೇಲೆ ಕಣ್ಣು ಮುಚ್ಚಿಬಿಟ್ಟೆ. ಚಪ್ಪಾಳೆ ಕೇಳಿದ ಮೇಲೆ ತೆರೆದೆ."

ಅವಳು ನಕ್ಕಳು. ನಗುತ್ತಲೇ ಅತ್ತಳು.

"ನನ್ನ ಪಕ್ಕ ನಿಲ್ಲೋಕೆ ನಿಮಗೆ ನಾಚಿಕೆ ಅಂದ್ಕೊಂಡಿದ್ದೆ."

"ನಾಚಿಕೆನಾ?" ಎಂದ ಅವನು. "ನಿಮ್ಮನ್ನ ನೋಡಿದಾಗೆಲ್ಲ ನಾನು ಬೇರೆ ಕೆಲಸ ಮರೀತೀನಿ. ಅದನ್ನ ಹೇಳೋ ಧೈರ್ಯ ಇರಲಿಲ್ಲ, ಅಷ್ಟೇ."

ಅವಳು ಕೆನ್ನೆ ಒರೆಸಿಕೊಂಡಳು. ಇಡೀ ಕ್ರೀಡಾಂಗಣದ ಮುಂದೆ ನಡುಗದವಳ ದನಿ ಈಗ ಸಣ್ಣದಾಯಿತು.

"ಒಂದು ಹಾಸಿಗೆ ಬೇಕಿತ್ತು. ಇಬ್ಬರಿಗೆ ಆಗೋದು. ಒಂದು ಕಡೆ ನಾನು, ಇನ್ನೊಂದು ಕಡೆ ತುಂಬಾ ಹಗುರ ಇರೋರು. ಮಾಡೋಕಾಗುತ್ತಾ?"

ಅವನೊಳಗಿನ ಕಸುಬುದಾರ ಮೊದಲು ಎಚ್ಚೆತ್ತ. "ಆಗುತ್ತೆ. ನಿಮ್ಮ ಕಡೆಗೆ ಬೇರೆ ಪದರ, ಅವರ ಕಡೆಗೆ ಬೇರೆ. ನೀವು ಮಗ್ಗುಲು ಬದಲಿಸಿದ್ರೆ ಅವರಿಗೆ ಎಚ್ಚರ ಆಗಬಾರದು, ಅದಕ್ಕೆ ನಡುವೆ..." ಮಾತು ಅಲ್ಲೇ ನಿಂತಿತು. ಅವನ ಕಿವಿ ಕೆಂಪಾಯಿತು. "ಆ ಹಗುರ ಇರೋರು... ಒಪ್ಪಿದ್ದಾರಾ?"

"ಕೇಳ್ತಾ ಇದ್ದೀನಲ್ಲ."

ಅವಳು ಚಾಕ್ ಪುಡಿ ಮೆತ್ತಿದ ಕೈ ಚಾಚಿದಳು. ಅವನು ಎರಡೂ ಕೈಯಿಂದ ಹಿಡಿದುಕೊಂಡ.

"ಒಪ್ಪಿದ್ದಾರೆ," ಎಂದ. "ಅವರಿಗೆ ಎಚ್ಚರ ಆದರೂ ಪರವಾಗಿಲ್ಲವಂತೆ."